ಲಸಿಕೆಯ ಕಥೆಯಿಂದ ನಾವು ಕಲಿಯಬೇಕಾದ ಪಾಠ
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ನಿಮ್ಮೊಂದಿಗೆ ಹಂಚಿಕೊಳ್ಳಲು ಬಯಸುವುದು ಕೊರೋನಾ ಲಸಿಕೆಯ ಕಥೆಯನ್ನು. ಎಲ್ಲರೂ ತೋಳು ಚಾಚಿ ಹಾಕಿಸಿಕೊಂಡ ಆ ಲಸಿಕೆ ಹೇಗೆ ತಯಾರಾಯಿತು ಎಂಬುದನ್ನು ಅರಿತವರು ನಮ್ಮಲ್ಲಿ ಕಡಿಮೆ. ಅರಿಯದಿದ್ದುದರಿಂದ ಆದ ನಷ್ಟವೂ ಕಡಿಮೆಯೇನಲ್ಲ.

ಮೊದಲು ಒಂದು ಕುಟುಂಬದ ಪರಿಚಯ ಮಾಡಿಕೊಡುತ್ತೇನೆ. ಟರ್ಕಿಯ ಇಸ್ಕೆಂದರೂನ್ ಎಂಬ ಊರಿನಲ್ಲಿ 1965ರಲ್ಲಿ ಒಬ್ಬ ಬಾಲಕ ಹುಟ್ಟಿದ. ಹೆಸರು ಉಗುರ್ ಶಾಹಿನ್. ಅವನ ತಂದೆ ಜರ್ಮನಿಯ ಕಲೋನ್ ನಗರದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಕೂಲಿಗೆ ಹೋದವರು. ನಾಲ್ಕನೆಯ ವಯಸ್ಸಿನಲ್ಲಿ ಮಗನೂ ಅಲ್ಲಿಗೆ ಸೇರಿದ. ಪ್ರಾಥಮಿಕ ಶಾಲೆಯ ನಂತರ ಅವನನ್ನು ವಿಶ್ವವಿದ್ಯಾಲಯಕ್ಕೆ ದಾರಿಯಾಗುವ ಶಾಲೆಗೆ ಕಳುಹಿಸಲು ಶಿಕ್ಷಕರು ಶಿಫಾರಸು ಮಾಡಲಿಲ್ಲ. ಆಗ ನೆರೆಮನೆಯ ಒಬ್ಬ ಜರ್ಮನ್ ವ್ಯಕ್ತಿ ಮುಂದೆ ಬಂದು ಆ ಹುಡುಗನ ಪರವಾಗಿ ಮಾತನಾಡಿದರು. ಆತ ಓದಿ ವೈದ್ಯನಾದ, ಸಂಶೋಧಕನಾದ. ಟರ್ಕಿ ಮೂಲದವರೇ ಆದ ಶಸ್ತ್ರವೈದ್ಯರೊಬ್ಬರ ಮಗಳು, ಡಾಕ್ಟರ್ ಓಜ್ಲೆಮ್ ತುರೇಜಿ ಅವರ ಬಾಳಸಂಗಾತಿಯಾದರು. 2002ರಲ್ಲಿ ಮದುವೆಯಾದ ದಿನವೇ ಈ ದಂಪತಿ ಮರಳಿ ಪ್ರಯೋಗಾಲಯಕ್ಕೆ ಹೋದರಂತೆ! 2008ರಲ್ಲಿ ಮೈಂಜ್ ನಗರದಲ್ಲಿ ಬಯೋಎನ್‌ಟೆಕ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರ ಗುರಿ ಕ್ಯಾನ್ಸರ್ ಚಿಕಿತ್ಸೆಯಾಗಿತ್ತು.

2020ರ ಜನವರಿಯಲ್ಲಿ ಚೀನಾದ ವಿಜ್ಞಾನಿಗಳು ಹೊಸ ವೈರಸ್ಸಿನ ಜೈವಿಕ ಸಂಕೇತವನ್ನು ಜಗತ್ತಿಗೆ ಬಿಡುಗಡೆ ಮಾಡಿದರು. ಅದೇ ತಿಂಗಳ ಕೊನೆಯ ವಾರದಲ್ಲಿ ವುಹಾನ್ ಬಗೆಗಿನ ಒಂದು ಸಂಶೋಧನಾ ಲೇಖನವನ್ನು ಓದಿದ ಶಾಹಿನ್, ಇದು ಇಡೀ ಜಗತ್ತಿಗೆ ಹರಡಲಿದೆ ಎಂದು ಗ್ರಹಿಸಿದರು. ಕ್ಯಾನ್ಸರ್‌ಗಾಗಿ ಬೆಳೆಸಿದ್ದ ವಿದ್ಯೆಯನ್ನು ಕೂಡಲೇ ಇತ್ತ ತಿರುಗಿಸಿದರು.

ಆ ವಿದ್ಯೆ ಏನು? ಕೊರೋನಾ ವೈರಸ್ಸಿನ ಮೈಮೇಲೆ ಮುಳ್ಳಿನಂತಹ ಪ್ರೋಟೀನ್ ಇದೆ. ಆ ಮುಳ್ಳನ್ನು ತಯಾರಿಸುವ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಜೀವಕೋಶಕ್ಕೆ ಕೊಟ್ಟಂತೆ ಎಂದುಕೊಳ್ಳಿ. ಈ ಚೀಟಿಯೇ ಎಂಆರ್‌ಎನ್‌ಎ. ಜೀವಕೋಶ ಚೀಟಿಯನ್ನು ಓದಿ ಮುಳ್ಳನ್ನು ಮಾತ್ರ ತಯಾರಿಸುತ್ತದೆ. ದೇಹದ ಕಾವಲು ಪಡೆ ಅದನ್ನು ಕಂಡು ಗುರುತಿಟ್ಟುಕೊಳ್ಳುತ್ತದೆ. ನಿಜವಾದ ವೈರಸ್ ಬಂದಾಗ ಎದುರಿಸಲು ಸಜ್ಜಾಗಿರುತ್ತದೆ. ಚೀಟಿಯಾದರೋ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಅದು ನಮ್ಮ ಡಿಎನ್‌ಎ ಇರುವ ಕೋಶಕೇಂದ್ರವನ್ನು ಪ್ರವೇಶಿಸುವುದೇ ಇಲ್ಲ.

ಇಷ್ಟು ಬೇಗ ತಯಾರಾದ ಲಸಿಕೆಯನ್ನು ನಂಬುವುದು ಹೇಗೆ ಎಂದು ಅನೇಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ. ಒಂದು, ಕೆಲಸ ಆರಂಭವಾದದ್ದು 2020ರಲ್ಲಲ್ಲ. ಕಟಾಲಿನ್ ಕರಿಕೊ ಎಂಬ ಹಂಗೆರಿಯ ಮಹಿಳೆ ದಶಕಗಳ ಕಾಲ, ಅನುದಾನ ಸಿಗದೆ, ಹುದ್ದೆಯಲ್ಲಿ ಹಿಂಬಡ್ತಿ ಪಡೆದೂ ಈ ಎಂಆರ್‌ಎನ್‌ಎ ವಿದ್ಯೆಯನ್ನು ಬಿಡಲಿಲ್ಲ. 2005ರಲ್ಲಿ ಅವರೂ ಡ್ರೂ ವೈಸ್‌ಮನ್ ಅವರೂ ಪ್ರಕಟಿಸಿದ ಸಂಶೋಧನೆಗೆ 2023ರಲ್ಲಿ ನೊಬೆಲ್ ಬಹುಮಾನ ಬಂತು. 2003ರ ಸಾರ್ಸ್ ಮತ್ತು 2012ರ ಮರ್ಸ್ ರೋಗಗಳ ಅಧ್ಯಯನವೂ ಕೈಯಲ್ಲಿತ್ತು. ಎರಡು, ಒಂದರ ನಂತರ ಒಂದರಂತೆ ನಡೆಯುವ ಹಂತಗಳನ್ನು ಜೊತೆಜೊತೆಯಾಗಿ ನಡೆಸಿದರು. ಜರ್ಮನಿ ಸರಕಾರವು 37.5 ಕೋಟಿ ಯೂರೋಗಳವರೆಗೆ ನೆರವು ಘೋಷಿಸಿತು. ಮೂರು, ರೋಗ ಎಲ್ಲೆಡೆ ಹಬ್ಬಿದ್ದರಿಂದ ಪರೀಕ್ಷೆಯ ಫಲಿತಾಂಶ ಬೇಗ ದೊರೆಯಿತು.

ಆ ಪರೀಕ್ಷೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಫೈಜರ್ ಕಂಪೆನಿಯ ಜೊತೆಗೂಡಿ ಸುಮಾರು 43,000 ಸ್ವಯಂಸೇವಕರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಯಾರಿಗೆ ಯಾವುದೆಂದು ಸ್ವಯಂಸೇವಕರಿಗೂ ತಿಳಿಯದು, ಅವರನ್ನು ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಕೊನೆಗೆ 170 ಮಂದಿಗೆ ರೋಗ ಬಂದಾಗ ಲೆಕ್ಕ ತೆಗೆದರು. 162 ಮಂದಿ ಉಪ್ಪುನೀರಿನ ಗುಂಪಿನವರು, 8 ಮಂದಿ ಮಾತ್ರ ಲಸಿಕೆ ಪಡೆದವರು. ಶೇಕಡಾ 95 ಎಂಬ ಮಾತು ಬಂದದ್ದು ಹೀಗೆ. 2020ರ ಡಿಸೆಂಬರ್ 2ರಂದು ಬ್ರಿಟನ್ ಅನುಮತಿ ನೀಡಿತು.

ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭವಾಯಿತು. ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾದ ಕೋವಿಶೀಲ್ಡ್ ಒಂದು. ನಿಷ್ಕ್ರಿಯಗೊಳಿಸಿದ ವೈರಸ್ಸಿನಿಂದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಕೋವ್ಯಾಕ್ಸಿನ್ ಇನ್ನೊಂದು. ಅದೇ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್‌ಗಳು ಪೂರ್ಣಗೊಂಡವು.

ಆದರೆ ನಮ್ಮ ಮೊಹಲ್ಲಾಗಳಲ್ಲಿ ನಡೆದದ್ದೇನು? ಲಸಿಕೆಯಲ್ಲಿ ಹಂದಿಯ ಅಂಶವಿದೆ, ಮಕ್ಕಳಾಗುವುದಿಲ್ಲ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಫೈಜರ್, ಮಾಡರ್ನಾ, ಅಸ್ಟ್ರಾಜೆನೆಕಾ ಕಂಪೆನಿಗಳು ತಮ್ಮ ಲಸಿಕೆಗಳಲ್ಲಿ ಹಂದಿಯ ಅಂಶವಿಲ್ಲವೆಂದು ತಿಳಿಸಿದ್ದವು. ಇದ್ದರೂ ಜೀವರಕ್ಷಣೆಗಾಗಿ ಅನುಮತಿ ಇದೆಯೆಂದು ಯುಎಇಯ ಫತ್ವಾ ಮಂಡಳಿ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು. ಆ ಮಾತನ್ನು ಮನೆಮನೆಗೆ ತಲುಪಿಸಿದವರು ಎಷ್ಟು ಮಂದಿ?

ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. 2021ರ ಮಾರ್ಚ್‌ನಲ್ಲಿ ಅರುವತ್ತು ದಾಟಿದವರಿಗೆ ಲಸಿಕೆ ಆರಂಭವಾದಾಗ ನನ್ನ ಸೋದರಮಾವ ಬೇಡವೆಂದರು. ಹಿರಿಯರ ಮುಂದೆ ವಾದಿಸುವುದು ಬೇಡವೆಂದು ನಾನು ಸುಮ್ಮನಾದೆ. ಮೇ ತಿಂಗಳಲ್ಲಿ ಅವರು ಕೊರೋನಾದಿಂದಲೇ ತೀರಿಕೊಂಡರು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಬಲ್ಲವನು ಬಾಯಿ ಮುಚ್ಚಿಕೊಂಡದ್ದಕ್ಕೆ ನಾನು ಉತ್ತರ ಕೊಡಬೇಕಲ್ಲವೇ?

ಲಸಿಕೆಗೆ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಎಂಆರ್‌ಎನ್‌ಎ ಲಸಿಕೆಯಿಂದ ಬಹಳ ಅಪರೂಪಕ್ಕೆ, ಹೆಚ್ಚಾಗಿ ಯುವಕರಲ್ಲಿ, ಹೃದಯದ ಸ್ನಾಯುವಿನ ಉರಿಯೂತ ಕಂಡುಬಂತು. ಅಸ್ಟ್ರಾಜೆನೆಕಾ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿತು. ಕಾಲ ಕಳೆದಂತೆ ರಕ್ಷಣೆ ಕುಗ್ಗಿತು. ಇವನ್ನೆಲ್ಲ ಕಂಡುಹಿಡಿದು ಬಹಿರಂಗಪಡಿಸಿದ್ದೂ ವಿಜ್ಞಾನವೇ, ವದಂತಿಗಳಲ್ಲ.

ಸಹೋದರರೇ, ಲಸಿಕೆ ನಮಗೆ ಪರಕೀಯವಲ್ಲ. ಸಿಡುಬನ್ನೂ ದಡಾರವನ್ನೂ ಬೇರ್ಪಡಿಸಿ ಗ್ರಂಥ ಬರೆದವರು ಅಲ್‌ರಾಝಿ. ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆ ನೀಡುವ ಮೊದಲೇ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಸಿಡುಬಿನ ಕೀವನ್ನು ಚುಚ್ಚಿ ರಕ್ಷಣೆ ಪಡೆಯುವ ರೂಢಿಯಿತ್ತು. ರಾಯಭಾರಿಯ ಪತ್ನಿ ಮೇರಿ ಮಾಂಟೆಗು ಅದನ್ನು 1717ರಲ್ಲಿ ಕಂಡು ಇಂಗ್ಲೆಂಡಿಗೆ ಪರಿಚಯಿಸಿದರು. ಸಾಂಕ್ರಾಮಿಕವಿರುವ ಊರಿಗೆ ಹೋಗಬಾರದು, ಅಲ್ಲಿಂದ ಹೊರಡಲೂ ಬಾರದು ಎಂಬುದು ಪ್ರವಾದಿ(ಸ)ಯವರ ಬೋಧನೆ. ಉತ್ತರ ಪ್ರದೇಶದಲ್ಲಿ ಪೋಲಿಯೋ ಹನಿಯ ಬಗ್ಗೆ ಇಂತಹವೇ ವದಂತಿಗಳು ಹಬ್ಬಿದಾಗ ಇಮಾಮರು, ಅಲಿಗಢ ಮತ್ತು ಜಾಮಿಯಾ ವಿಶ್ವವಿದ್ಯಾಲಯಗಳು ಜನರ ಮನವೊಲಿಸಿದರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾಯಿತು.

ಹಾಗಾಗಿ ನನ್ನ ವಿನಂತಿ ಎರಡು. ವಿದ್ಯಾರ್ಥಿಗಳೇ, ವೈದ್ಯ, ಇಂಜಿನಿಯರ್ ಎಂಬೆರಡೇ ದಾರಿ ಎಂದುಕೊಳ್ಳಬೇಡಿ. ಸೂಕ್ಷ್ಮಾಣು ಶಾಸ್ತ್ರ, ಜೀವರಸಾಯನ ಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನೂ ಓದಿರಿ. ಮುಂದಿನ ಸಾಂಕ್ರಾಮಿಕದ ವೇಳೆ ಪ್ರಯೋಗಾಲಯದಲ್ಲಿ ನೀವೂ ಇರಬೇಕು. ಹಿರಿಯರೇ, ಕೂಲಿಕಾರನ ಮಗನ ಪರವಾಗಿ ಮಾತನಾಡಿದ ಆ ನೆರೆಯವನನ್ನು ನೆನಪಿಡಿ. ನಮ್ಮ ಬೀದಿಯಲ್ಲಿ ಫೀಸು ಕಟ್ಟಲಾಗದೆ ಶಾಲೆ ಬಿಡಲಿರುವ ಮಗು ಯಾವುದೆಂದು ಈ ವಾರವೇ ವಿಚಾರಿಸಿ. ಸಂಘದ ವಿದ್ಯಾರ್ಥಿವೇತನ ಇರುವುದೇ ಅದಕ್ಕಾಗಿ.

ಅಲ್ಲಾಹನು ನಮಗೆ ಉಪಯುಕ್ತವಾದ ಜ್ಞಾನವನ್ನೂ, ತಿಳಿದುದನ್ನು ಹೇಳುವ ಧೈರ್ಯವನ್ನೂ ಕರುಣಿಸಲಿ. ಆಮೀನ್.