ಒರಗು ಸೈಕಲ್ಲಿಗೆ ಚಕ್ರದ ಆಯ್ಕೆ

ಹಿಂದಕ್ಕೆ ಒರಗಿ ಕಾಲು ಮುಂಚಾಚಿ ತುಳಿಯುವ ಸೈಕಲ್ಲಿನಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದೇ ಗಂಟೆಗೆ 45 ಕಿಲೋಮೀಟರ್ ದಾಟಿದರು. ಅಂಥದನ್ನು ನಮ್ಮ ಮಕ್ಕಳು ಗುಜರಿಯ ಸೈಕಲ್ಲುಗಳಿಂದ ಕಟ್ಟುವುದಾದರೆ ಚಕ್ರದ ಅಳತೆಯೇ ಮೊದಲ ಪ್ರಶ್ನೆ. ಪೆಡಲು ಮುಂದಿನ ಚಕ್ರದ ಬಳಿಯೇ ತಿರುಗುವುದರಿಂದ ಆ ಚಕ್ರ ಚಿಕ್ಕದಿರಬೇಕು. ಇಲ್ಲವಾದರೆ ತಿರುವಿನಲ್ಲಿ ಹಿಮ್ಮಡಿ ಟೈರಿಗೆ ತಗಲಿ ಸವಾರ ಬಿದ್ದಾನು. ಮಕ್ಕಳ ಸೈಕಲ್ಲಿನ 20 ಅಂಗುಲದ್ದು ಸಾಕು. ಆದರೆ ಈ ಒಂದೇ ಹೆಸರಿನಲ್ಲಿ, ಟೈರು ಕೂರುವೆಡೆ 406 ಮಿಲಿಮೀಟರ್ ವ್ಯಾಸದ ರಿಮ್ಮೂ ಉಂಟು, 451ರದೂ ಉಂಟು. ಒಂದರ ಟೈರು ಇನ್ನೊಂದಕ್ಕೆ ಕೂರದು. ಹಿಂದಕ್ಕೆ ಹಾಲಿನವರ ಸೈಕಲ್ಲಿನ 28 ಅಂಗುಲದ ಚಕ್ರವೇ ಲೇಸೆಂದು ನಮ್ಮ ಅಭಿಪ್ರಾಯ: ಗುಂಡಿ ಬಂದಾಗ ಒರಗಿದವನು ಆಸನದಿಂದ ಏಳಲಾರನಷ್ಟೆ. ರಾಯದುರ್ಗ, ಮಡಕಶಿರಾ ಪೇಟೆಯ ಅಂಗಡಿಗಳಲ್ಲಿ ಎರಡೂ ಟೈರು ದೊರೆಯುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಫೋರ್ಕಿಗೆ ಬೆಸುಗೆ ಹಾಕಿಸೋಣ.