ಕಾರವಾರದ ರೇವು

(ಬಾನುಲಿ ಭಾಷಣ)

ಕಾರವಾರವೆಂದೊಡನೆ ಘಟ್ಟದ ಮೇಲಿನ ಸಾಹಿತ್ಯಾಸಕ್ತರಿಗೆ ಸಾಮಾನ್ಯವಾಗಿ ಎರಡು ಸಂಗತಿಗಳು ನೆನಪಾಗುತ್ತವೆ. ರವೀಂದ್ರನಾಥ ಠಾಕೂರರು ಅಲ್ಲಿ ಕೆಲವು ದಿನ ಇದ್ದರೆಂಬುದು ಒಂದು. ಅಲ್ಲಿ ಮಳೆ ವಿಪರೀತವೆಂಬುದು ಇನ್ನೊಂದು. ಎರಡೂ ನಿಜವೇ. ಆದರೆ ಆ ಊರು ಅಲ್ಲಿ ಏಕೆ ಹುಟ್ಟಿತು, ಹುಟ್ಟಿದ ಮೇಲೆ ಏಕೆ ಅಷ್ಟಕ್ಕೇ ನಿಂತಿತು ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ಬಾಲ್ಯದಿಂದ ಆ ನೀರನ್ನು ಕಂಡವನಾದ್ದರಿಂದ ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಇಂದಿನ ಮಾತು ಅದನ್ನು ಕುರಿತದ್ದು.

ಮೊದಲು ನೆಲದ ವಿಷಯ. ಉತ್ತರ ಕನ್ನಡದ ಕಾಳಿ ನದಿ ಜೋಯಿಡಾದ ಕಾಡಿನಲ್ಲಿ, ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರು ಹರಿದು ಇಲ್ಲಿ ಸಮುದ್ರವನ್ನು ಸೇರುತ್ತದೆ. ಅಳಿವೆಯ ಬಡಗ ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಅದರಾಚೆ ಸ್ವಲ್ಪ ದೂರಕ್ಕೇ ಗೋವೆಯ ಗಡಿ. ತೆಂಕ ದಂಡೆಯಲ್ಲಿ ಕೋಡಿಬಾಗದಿಂದ ಮೊದಲಾಗಿ ಮರಳು ಅರ್ಧಚಂದ್ರಾಕಾರವಾಗಿ ಬಾಗುತ್ತ ಹೋಗಿ, ಬೈತಖೋಲದ ಗುಡ್ಡದ ಬುಡದಲ್ಲಿ ಮುಗಿಯುತ್ತದೆ. ಈ ಬೈತಖೋಲದ ಗುಡ್ಡವೇ ಕಾರವಾರದ ಭಾಗ್ಯವೂ ಹೌದು, ಸಂಕಟವೂ ಹೌದು. ಆಷಾಢದಲ್ಲಿ ನೈಋತ್ಯದಿಂದ ನುಗ್ಗುವ ಗಾಳಿಯನ್ನೂ ತೆರೆಯನ್ನೂ ಅದು ತನ್ನ ಮೈಯಿಂದ ತಡೆಯುತ್ತದೆ. ಗುಡ್ಡದ ಮರೆಯಲ್ಲಿ ನಿಂತ ಹಡಗಿಗೆ ಮಳೆಗಾಲದಲ್ಲಿಯೂ ಆಸರೆ ಉಂಟು. ಎದುರಿಗೆ ಕೂರ್ಮಗಡ, ದೇವಗಡ ಮೊದಲಾದ ನಡುಗಡ್ಡೆಗಳು. ದೇವಗಡದ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭ. ಕೂರ್ಮಗಡದ ನರಸಿಂಹನ ಜಾತ್ರೆಗೆ ಪುಷ್ಯದ ಹುಣ್ಣಿಮೆಯ ದಿನ ಊರಿಗೆ ಊರೇ ದೋಣಿ ಹತ್ತುತ್ತದೆ. ಬೆನ್ನ ಹಿಂದೆ ಮಾತ್ರ ಒಂದೇ ಸಮನೆ ಗುಡ್ಡ, ಕಾಡು, ಘಟ್ಟ. ಸಮುದ್ರದ ಕಡೆಗೆ ಬಾಗಿಲು ಹಾಕಿಕೊಳ್ಳದ, ನೆಲದ ಕಡೆಗೆ ಬಾಗಿಲೇ ಇಲ್ಲದ ಮನೆಯಂತೆ ಈ ಊರು.

ಹಳೆಯ ಕಾರವಾರ ಇದಲ್ಲ. ಅದು ಕಾಳಿಯಲ್ಲಿ ಕೆಲವು ಮೈಲಿ ಒಳಗೆ ಕಡವಾಡದ ಬಳಿ ಇತ್ತು. ಕಡೆಯ ವಾಡೆ ಎಂಬುದರಿಂದಲೇ ಈ ಹೆಸರು ಬಂದಿತೆಂದು ಹೇಳುವುದುಂಟು. ಸೋದೆಯ ಸೀಮೆಯ ಮೆಣಸಿನ ಕೀರ್ತಿಯನ್ನು ಕೇಳಿ 1638ರಲ್ಲಿ ಸರ್ ವಿಲಿಯಂ ಕೋರ್ಟನನ ಕಂಪನಿಯವರು ಅಲ್ಲಿ ಕೋಠಿಯನ್ನು ತೆರೆದರು. ಮೆಣಸು, ಏಲಕ್ಕಿಗಳ ಜೊತೆಗೆ ನಯವಾದ ಮಲಮಲ್ ಬಟ್ಟೆಯೂ ಒರಟಾದ ನೀಲಿಯ ಡಂಗರಿ ಬಟ್ಟೆಯೂ ಇಲ್ಲಿಂದ ಹಡಗು ಹತ್ತುತ್ತಿದ್ದವು. ಈ ಬಟ್ಟೆ ಕರಾವಳಿಯದಲ್ಲ, ಘಟ್ಟದ ಮೇಲಿನದು. ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ 50,000 ಮಂದಿ ನೇಕಾರರು ಇದಕ್ಕಾಗಿ ದುಡಿಯುತ್ತಿದ್ದರೆಂದು ಗೆಜೆಟಿಯರು ಹೇಳುತ್ತದೆ. ಎಂದರೆ ಬಯಲುಸೀಮೆಯ ಮಗ್ಗಕ್ಕೂ ಈ ರೇವಿಗೂ ನಂಟು ಬೆಳೆದು ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿದೆ.

ಕೋಠಿಯ ಬಾಳು ಸುಖದ್ದಾಗಿರಲಿಲ್ಲ. 1665ರಲ್ಲಿ ಶಿವಾಜಿ ಅದರಿಂದ ಕಪ್ಪ ತೆಗೆದುಕೊಂಡನು. 1674ರಲ್ಲಿ ಊರು ಸುಟ್ಟಿತು. 1684ರಲ್ಲಿ ಒಂದು ಹಡಗಿನವರು ಹಸುವನ್ನು ಕದ್ದು ಕೊಂದರೆಂಬ ಕಾರಣಕ್ಕೆ ಇಂಗ್ಲಿಷರೆಲ್ಲರೂ ಊರು ಬಿಟ್ಟು ಓಡುವ ಸ್ಥಿತಿ ಬಂದಿತು. 1715ರಲ್ಲಿ ಸೋದೆಯ ಅರಸರು ಹಳೆಯ ಕೋಟೆಯನ್ನು ಕೆಡವಿ ಸದಾಶಿವಗಡವನ್ನು ಎಬ್ಬಿಸಿದರು. 1752ರಲ್ಲಿ ಪೋರ್ತುಗೀಸರು ಅದನ್ನು ಹಿಡಿದರು. 1801ರ ಹೊತ್ತಿಗೆ ಹಳೆಯ ಕಾರವಾರ ಹಾಳುಬಿದ್ದಿತ್ತು. ಅಳಿವೆಯ ತೆಂಕಕ್ಕೆ, ಇಂದು ನಗರವಿರುವ ಸ್ಥಳದಲ್ಲಿ ಆಗ ಇದ್ದುದು ಬೆಸ್ತರ ಕೇರಿಗಳು ಮಾತ್ರ.

ಹಾಗಾದರೆ ಈಗಿನ ಕಾರವಾರವನ್ನು ಕಟ್ಟಿದವರು ಯಾರು? ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಅದನ್ನು ಕಟ್ಟಿಸಿದ್ದು ಅಮೆರಿಕೆಯ ಅಂತರ್ಯುದ್ಧ ಎಂದರೆ ತಪ್ಪಾಗದು. 1861ರಲ್ಲಿ ಆ ಯುದ್ಧ ಮೊದಲಾದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಮೆರಿಕೆಯ ಹತ್ತಿ ಬರುವುದು ನಿಂತುಹೋಯಿತು. ಅಲ್ಲಿಯ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದಿತು. ಆ ಹತ್ತಿಗೆ ಸಮೀಪದ ಒಳ್ಳೆಯ ರೇವು ಯಾವುದೆಂದು ಭೂಪಟವನ್ನು ನೋಡಿದರೆ ಬೆರಳು ತಾನಾಗಿ ಕಾಳಿಯ ಅಳಿವೆಗೆ ಬರುತ್ತದೆ. ಆದರೆ ಹತ್ತಿ ಬೆಳೆಯುವ ನೆಲ ಮುಂಬಯಿ ಸರಕಾರದ್ದು, ರೇವು ಮದರಾಸಿನದು. ಮದರಾಸಿಗೆ ಈ ಮೂಲೆಯ ಕುರಿತು ಆಸ್ಥೆಯಿಲ್ಲವೆಂಬ ದೂರು ವಿಲಾಯತಿಗೂ ಮುಟ್ಟಿತು. ಕಡೆಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು, ಕುಂದಾಪುರವೊಂದನ್ನು ಬಿಟ್ಟು, ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಕನ್ನಡ ಕರಾವಳಿಯ ಈ ಎರಡು ಹೋಳುಗಳು ಮತ್ತೆ ಒಂದೇ ರಾಜ್ಯದ ಒಳಗೆ ಬರಲು 1956 ಬರಬೇಕಾಯಿತು. ನಮ್ಮ ನಾಡು ಹರಿದುಹಂಚಿಹೋದ ಕಥೆಯನ್ನು ನಾವು ಬಹಳ ಸಲ ಹೇಳಿಕೊಂಡಿದ್ದೇವೆ. ಆ ಹರಿತದ ಒಂದು ಗೆರೆಯನ್ನು ಹತ್ತಿಯ ಅಂಡಿಗೆ ಎಳೆಯಿತೆಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳುಹಿಸಿಯೂ ಬಿಟ್ಟಿತು. ಬಂದು ನೋಡಿದರೆ ಇಳಿಸಲು ಸರಿಯಾದ ಧಕ್ಕೆಯಿಲ್ಲ. ಘಟ್ಟ ಹತ್ತಿಸೋಣವೆಂದರೆ ರಸ್ತೆಗಳು ಇನ್ನೂ ಮುಗಿದಿಲ್ಲ. ಅಮೆರಿಕೆಯ ಯುದ್ಧ 1865ರಲ್ಲಿ ಮುಗಿಯಿತು; ಅವಸರವೂ ಮುಗಿಯಿತು. ಆದರೆ ಅಷ್ಟರಲ್ಲಿ ಜಿಲ್ಲೆಯ ಮುಖ್ಯಸ್ಥಾನ ಇಲ್ಲಿಗೆ ಬಂದಾಗಿತ್ತು. ಕಚೇರಿ, ನ್ಯಾಯಾಲಯ, ಸಾಹೇಬರ ಬಂಗಲೆಗಳು ಎದ್ದವು. ಮೀನು ಒಣಗುತ್ತಿದ್ದ ಮರಳಿನ ಹಿಂದೆ ಒಂದು ನಗರ ಹುಟ್ಟಿತು.

ಆಮೇಲೆ ರೈಲಿನ ಆಸೆ. ಕಾರವಾರದಿಂದ ಹುಬ್ಬಳ್ಳಿಯ ಕಡೆಗೆ ರೈಲು ಬರುತ್ತದೆಂಬ ಸುದ್ದಿಯಿಂದ 1867ರಿಂದ 1874ರವರೆಗೆ ಇಲ್ಲಿಯ ನೆಲದ ಬೆಲೆ ಏರುತ್ತ ಹೋಯಿತು. ಮುಂಬಯಿಯ ವರ್ತಕರು ಬಂದು ಅಂಗಡಿ, ಮಳಿಗೆಗಳನ್ನು ಕಟ್ಟಿದರು. ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮಳಿಗೆಗಳಿಗೆ ಬೀಗ ಬಿದ್ದಿತು. ಮುಂದೆ 1888ರಲ್ಲಿ ರೈಲು ಘಟ್ಟ ಇಳಿದುದು ನಿಜ, ಆದರೆ ಅದು ಇಳಿದದ್ದು ಪೋರ್ತುಗೀಸರ ಮುರಗಾಂವಿಗೆ. ಹುಬ್ಬಳ್ಳಿಯ ಹತ್ತಿ ಆ ದಾರಿ ಹಿಡಿಯಿತು.

ಠಾಕೂರರು ಬಂದುದು ಈ ನಡುವಿನ ಕಾಲದಲ್ಲಿ, ಊರು ಒಂದು ಆಸೆಯನ್ನು ಕಳೆದುಕೊಂಡು ಸುಮ್ಮನೆ ಕುಳಿತಿದ್ದಾಗ. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಸೇರಿದ ಮೊದಲನೆಯ ಭಾರತೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರ ಡಿಸೆಂಬರಿನಲ್ಲಿ ರವೀಂದ್ರರ ಮದುವೆಯಾಯಿತು. ಅದಕ್ಕೆ ಸ್ವಲ್ಪವೇ ಮುಂಚಿನ ಮಾತು ಇದು. ಅವರಿಗೆ ಆಗ ಇಪ್ಪತ್ತೆರಡು ವರ್ಷ. ‘ಜೀವನಸ್ಮೃತಿ’ಯಲ್ಲಿ ಕಾರವಾರಕ್ಕೇ ಒಂದು ಅಧ್ಯಾಯವಿದೆ. ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಹೋದದ್ದು, ಒಬ್ಬ ರೈತನ ಮನೆಯ ಅಂಗಳದಲ್ಲಿ ಉಂಡದ್ದು, ಮರಳುವಾಗ ಅಳಿವೆಯ ಬಳಿ ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದ್ದು, ಎಲ್ಲವೂ ಅಲ್ಲಿದೆ. ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಲೋಕವನ್ನು ತೊರೆದು ಗೆದ್ದೆನೆಂದುಕೊಂಡ ಸಂನ್ಯಾಸಿಯನ್ನು ಅನಾಥ ಬಾಲಿಕೆಯೊಬ್ಬಳ ಸ್ನೇಹ ಮತ್ತೆ ಲೋಕಕ್ಕೆ ಎಳೆಯುವ ಕಥೆ ಅದು. ತಮ್ಮ ಮುಂದಿನ ಬರವಣಿಗೆಗೆಲ್ಲ ಅದೇ ಮುನ್ನುಡಿಯೆಂಬ ಭಾವ ಕವಿಗೆ ಇತ್ತು.

ಇಲ್ಲೊಂದು ಸ್ವಾರಸ್ಯವುಂಟು. ಅದೇ 1883ರಲ್ಲಿಯೇ ಮುಂಬಯಿ ಸರಕಾರದ ಗೆಜೆಟಿಯರಿನ ಕನ್ನಡ ಜಿಲ್ಲೆಯ ಸಂಪುಟವೂ ಅಚ್ಚಾಯಿತು. ಒಂದೇ ರೇವನ್ನು ಎರಡು ಕಣ್ಣುಗಳು ನೋಡಿದವು. ಅಧಿಕಾರಿಯ ಕಣ್ಣಿಗೆ ಅಲ್ಲಿ ಎಷ್ಟು ಹಡಗು ನಿಲ್ಲಬಹುದೆಂಬ ಲೆಕ್ಕ. ಕವಿಯ ಕಣ್ಣಿಗೆ ಅನಂತವನ್ನು ಅಪ್ಪಲು ಚಾಚಿದ ತೋಳುಗಳು. ಇವರಲ್ಲಿ ಕವಿ ಹೇಳಿದ್ದೇ ಉಳಿಯಿತೆಂದು ತರಗತಿಯಲ್ಲಿ ನಾನು ಅನೇಕ ವರ್ಷ ಹೇಳಿದ್ದೇನೆ. ಈಗ ಹಾಗೆ ಹೇಳಲಾರೆ. ಕವಿ ಮೆಚ್ಚಿದ ಆ ಗಾಳಿಮರದ ಸಾಲು ಸಹ ಅಲ್ಲಿಯದಾಗಿರಲಿಲ್ಲ. 1868ರ ಸುಮಾರಿಗೆ ಸರಕಾರ ಸೌದೆಗೆಂದು ತಂದು ನೆಟ್ಟ ಮರ ಅದು. ಅಧಿಕಾರಿಯ ಲೆಕ್ಕವೂ ಬರಿದೆ ಹೋಗಲಿಲ್ಲ. ನೂರು ವರ್ಷ ತಡವಾಗಿ ಕೂಡಿಬಂದಿತು, ಅಷ್ಟೆ.

ಅದನ್ನು ಹೇಳುವ ಮುನ್ನ ಅಂಜದೀವದ ಮಾತನ್ನು ಹೇಳಬೇಕು. ಬಿಣಗಾ, ಅರ್ಗಾಗಳ ಎದುರಿಗೆ, ನಮ್ಮ ದಡಕ್ಕೆ ಕಾಣುವಷ್ಟು ಸಮೀಪದಲ್ಲಿ ಇರುವ ಈ ದ್ವೀಪ ಆಡಳಿತಕ್ಕೆ ಗೋವೆಯದು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಲಂಗರು ಹಾಕಿದನು; 1505ರಲ್ಲಿ ಅಲ್ಮೇಡ ಕೋಟೆ ಕಟ್ಟಿಸಿದನು. 1662ರಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಪಡಿಸಿಕೊಳ್ಳಲು ಅಬ್ರಹಾಂ ಶಿಪ್‌ಮನ್ನನು ಸೈನ್ಯದೊಡನೆ ಬಂದಾಗ ಪೋರ್ತುಗೀಸರು ಅದನ್ನು ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ಸ್ಥಳವಿಲ್ಲದೆ ಆ ಸೈನ್ಯ ಅಂಜದೀವದಲ್ಲಿ ಬೀಡುಬಿಟ್ಟಿತು. ಜ್ವರಕ್ಕೂ ಮಳೆಗೂ ಸಿಕ್ಕು ಶಿಪ್‌ಮನ್ನನೂ ಸೇರಿ ಅವರಲ್ಲಿ ಬಹುಪಾಲು ಜನ ಅಲ್ಲಿಯೇ ಮಣ್ಣಾದರು. ಉಳಿದ ಕೆಲವರು 1665ರಲ್ಲಿ ಮುಂಬಯಿಯನ್ನು ಪಡೆದರು. ಮುಂಬಯಿಯ ಇತಿಹಾಸದ ಮೊದಲ ಪುಟದಲ್ಲಿ ನಮ್ಮ ಕಡಲಿನ ಈ ಕಲ್ಲಿನ ತುಂಡು ಇದೆ. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ಈ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾದಳದ ಏಳು ಮಂದಿ ಪ್ರಾಣ ಕೊಟ್ಟರು.

ಅದೇ ನೌಕಾದಳ ಮುಂದೆ ಇಲ್ಲಿ ನೆಲೆ ನಿಲ್ಲಲು ನಿಶ್ಚಯಿಸಿತು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲನ್ನಿಟ್ಟರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಹೆಸರು ನಮ್ಮ ಬನವಾಸಿಯ ಅರಸರದೇ, ಸಂತೋಷ. ಗುಡ್ಡದ ಮರೆ, ಆಳದ ನೀರು, ಅಡ್ಡನಿಂತ ದ್ವೀಪ—ಇವನ್ನು ಕಂಡೇ ಕೋರ್ಟನನ ಜನ ಬಂದದ್ದು, ಇವನ್ನು ಕಂಡೇ ನೌಕಾದಳವೂ ಬಂದದ್ದು. ದೇಶಕ್ಕೆ ಅದು ಬೇಕಾಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅರ್ಗಾ, ಚೆಂಡಿಯಾ, ತೋಡೂರುಗಳಿಂದ ತೆಂಕಕ್ಕೆ ಅಂಕೋಲೆಯ ಕಡೆಯವರೆಗೆ ಸಾವಿರಾರು ಮನೆಗಳು ಎದ್ದುಹೋದವು. ಕಾಳಿಯ ಮೇಲುಭಾಗದಲ್ಲಿ ಕದ್ರಾ ಅಣೆಕಟ್ಟಿನ ಹಿನ್ನೀರಿಗಾಗಿ ಆಗಲೇ ಎದ್ದುಹೋದವರಿದ್ದರು. ಹತ್ತಿಯ ಕಾಲದಲ್ಲಿ ಗಾಡಿಯ ದಾರಿಗೆಂದು ಹೆಸರು ಕೇಳಿದ್ದ ಕೈಗಾದಲ್ಲಿ 2000ದಲ್ಲಿ ಅಣುವಿದ್ಯುತ್ತಿನ ವಾಣಿಜ್ಯ ಉತ್ಪಾದನೆ ಮೊದಲಾಯಿತು.

ಆ ವರ್ಷಗಳಲ್ಲಿ ನಾನು ಕಾರವಾರದ ಒಂದು ಕಾಲೇಜಿನಲ್ಲಿ ಕನ್ನಡವನ್ನು ಪಾಠ ಹೇಳುತ್ತಿದ್ದೆ. ಮೊದಲ ವರ್ಷದವರಿಗೆ ‘ನನ್ನ ಊರು’ ಎಂಬ ಪ್ರಬಂಧವನ್ನು ಬರೆಯಲು ಕೊಡುವುದು ನನ್ನ ರೂಢಿ. ಸುಲಭವಾದ ವಿಷಯವೆಂದು ತಿಳಿದಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಸರ್, ಊರು ‘ಇದೆ’ ಎಂದು ಬರೆಯಲೋ, ‘ಇತ್ತು’ ಎಂದು ಬರೆಯಲೋ?” ಎಂದು ಕೇಳಿದನು. ಚೇಷ್ಟೆಯ ಹುಡುಗನಲ್ಲ. ಅವರ ಮನೆಗೆ ಪರಿಹಾರದ ಕಾಗದ ಬಂದಿತ್ತು, ಮನೆ ಇನ್ನೂ ಬಿದ್ದಿರಲಿಲ್ಲ. ಮೂವತ್ತು ವರ್ಷ ವ್ಯಾಕರಣವನ್ನು ಕಲಿಸಿದ ನನಗೆ ಆ ಹೊತ್ತಿಗೆ ಏನು ಹೇಳಬೇಕೆಂದು ತೋಚಲಿಲ್ಲ. ನಿನಗೆ ಸರಿತೋರಿದಂತೆ ಬರೆ ಎಂದುಬಿಟ್ಟೆ. ಅವನು ಎರಡು ಪುಟ ತುಂಬ ಬರೆದುಕೊಟ್ಟನು. ಮೊದಲ ಪುಟದಲ್ಲಿ ವರ್ತಮಾನಕಾಲ, ಎರಡನೆಯ ಪುಟದಲ್ಲಿ ಭೂತಕಾಲ. ಕೆಂಪು ಮಸಿಯಿಂದ ಅದನ್ನು ತಿದ್ದುವ ಮನಸ್ಸಾಗಲಿಲ್ಲ. ಆ ವರ್ಷದ ನಂತರ ಆ ವಿಷಯವನ್ನು ಕೊಡುವುದನ್ನೇ ನಿಲ್ಲಿಸಿದೆ.

ವಾಣಿಜ್ಯ ಬಂದರಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆದುಕೊಂಡಿತು. ಅದು ಕರಾವಳಿಯ ಉದ್ದಕ್ಕೆ ಹೋಗುವ ದಾರಿ, ಘಟ್ಟ ಹತ್ತುವುದಿಲ್ಲ. ಹುಬ್ಬಳ್ಳಿ–ಅಂಕೋಲೆಯ ರೈಲಿನ ಮಾತು ಕಾಡಿನ ಪ್ರಶ್ನೆಗೆ ಸಿಕ್ಕಿ ದಶಕಗಳಿಂದ ತೂಗಾಡುತ್ತಿದೆ. ನಡುವೆ ಕೆಲವು ವರ್ಷ ಬಯಲುಸೀಮೆ ಲಾರಿಗಳಲ್ಲಿ ಕಬ್ಬಿಣದ ಅದಿರಾಗಿ ಘಟ್ಟ ಇಳಿಯಿತು. ರಸ್ತೆ ಬದಿಯ ಗಿಡಗಳೆಲ್ಲ ಕೆಂಪಾದವು. 2010ರ ಜುಲೈಯಲ್ಲಿ ಸರಕಾರ ಆ ರಫ್ತನ್ನು ನಿಲ್ಲಿಸಿತು. 2020ರ ಜನವರಿಯಲ್ಲಿ ಬೈತಖೋಲದ ಬಂದರನ್ನು ವಿಸ್ತರಿಸುವ ಕೆಲಸ ತೊಡಗಿದಾಗ ಮೀನುಗಾರರು ಬೀದಿಗಿಳಿದರು. ನಗರದ ಎದುರಿನ ಆ ಮರಳ ದಂಡೆಯೊಂದೇ ತಮಗೆ ಉಳಿದಿರುವುದು, ಅದೂ ಹೋದರೆ ದೋಣಿಯನ್ನು ಎಲ್ಲಿ ಎಳೆಯುವುದು ಎಂಬುದು ಅವರ ವಾದ. ಉಚ್ಚ ನ್ಯಾಯಾಲಯ ಆ ಕೆಲಸಕ್ಕೆ ತಡೆ ನೀಡಿತು. ಆ ದಂಡೆಗೆ ಈಗ ಠಾಕೂರರ ಹೆಸರಿದೆ. ಕವಿಯ ಹೆಸರನ್ನಿಟ್ಟುಕೊಂಡವರು ನಗರದವರು. ಮರಳನ್ನು ಉಳಿಸಿಕೊಳ್ಳಲು ಹೊಡೆದಾಡಿದವರು ಬಲೆ ಹೆಣೆಯುವವರು. ಈ ವ್ಯತ್ಯಾಸವನ್ನು ನಾವು ಓದುಬಲ್ಲವರು ಗಮನಿಸಬೇಕು.

ನನ್ನ ಹುಟ್ಟೂರು ಸದಾಶಿವಗಡದ ಕಡೆಯದು. ಕಾಲೇಜಿಗೆಂದು ನಾನು ದಿನವೂ ಕಾಳಿಯನ್ನು ದಾಟುತ್ತಿದ್ದಾಗ ಸೇತುವೆಯಿರಲಿಲ್ಲ. ಕೋಡಿಬಾಗದ ಧಕ್ಕೆಗೆ ಲಾಂಚು. ಅದು ತಪ್ಪಿದರೆ ದೋಣಿ. ಮಳೆಗಾಲದಲ್ಲಿ ಲಾಂಚು ನಿಂತ ದಿನ ಪರೀಕ್ಷೆಯೂ ತಪ್ಪಿದ್ದುಂಟು. 1983ರಲ್ಲಿ ಸೇತುವೆಯಾಯಿತು. ಮೊದಲ ವಾರ ಊರಿನ ಮುದುಕರೆಲ್ಲ ಕೆಲಸವಿಲ್ಲದಿದ್ದರೂ ಆಚೆಗೆ ನಡೆದು ಹೋಗಿ ಈಚೆಗೆ ಬಂದರು. ನನ್ನ ತಂದೆಯೂ ಹೋಗಿದ್ದರು. ಮನೆಗೆ ಬಂದು, “ನೀರು ಕಾಲಿಗೆ ತಾಗದೆ ಕಾರವಾರಕ್ಕೆ ಹೋಗಿ ಬಂದೆ” ಎಂದರು.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಆ ಸೇತುವೆ ಕುಸಿದು ನದಿಗೆ ಬಿದ್ದಿತು. ಪಕ್ಕದಲ್ಲಿ ಹೊಸ ಸೇತುವೆಯೊಂದು ಇದ್ದುದರಿಂದ ಊರು ಎರಡಾಗಲಿಲ್ಲ. ಬಿದ್ದ ಹೊತ್ತಿಗೆ ಹಳೆಯದರ ಮೇಲೆ ಒಂದು ಲಾರಿ ಇತ್ತು. ದೂರದ ತಮಿಳುನಾಡಿನ ಚಾಲಕ. ಆಷಾಢ ಕಳೆದು ಶ್ರಾವಣ ಆಗತಾನೆ ಹಿಡಿದಿತ್ತು. ಮಳೆಯ ನೀರು ತುಂಬಿದ ಕಾಳಿ. ಪೊಲೀಸರೊಡನೆ ಆ ಕತ್ತಲೆಯಲ್ಲಿ ಅವನನ್ನು ನೀರಿನಿಂದ ಎತ್ತಿ ತಂದವರು ಅಲ್ಲಿಯ ಮೀನುಗಾರರು.

(ಕೃಪೆ: ಆಕಾಶವಾಣಿ)