ಅಂಗನವಾಡಿ ಕಾರ್ಯಕರ್ತೆ: ಅರ್ಹತೆ ಹಾಗೂ ಕರ್ತವ್ಯ



1975ರಲ್ಲಿ ತಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಅಂಗನವಾಡಿಗಳು ಆರಂಭಗೊಂಡವು. ಇಂದು ಈ ಹುದ್ದೆಗೆ ಪಿಯುಸಿ ತೇರ್ಗಡೆಯಾಗಿರಬೇಕು, ಸ್ಥಳೀಯ ನಿವಾಸಿಯಾಗಿರಬೇಕು. ಆದರೆ 3ರಿಂದ 6 ವರ್ಷದ ಮಕ್ಕಳಿಗೆ ಆಟದ ಮೂಲಕ ಮಾತು, ಎಣಿಕೆ ಕಲಿಸಲು, ಮಗುವಿನ ತೂಕ ಏಕೆ ಏರಲಿಲ್ಲವೆಂದು ತಾಯಿಯನ್ನು ನೋಯಿಸದೆ ವಿಚಾರಿಸಲು ಅಂಕಪಟ್ಟಿಯೊಂದೇ ಸಾಲದು. ಇಂಜಿನಿಯರಿಂಗ್ ಓದಿದ ನನಗೆ ಅಂಗನವಾಡಿಗೆ ಹೋದರೆ ಮೊದಲು ಕಾಣುವುದು ಗೋಡೆಯ ಬಿರುಕು; ಸೊರಗಿದ ಮಗುವನ್ನು ಗುರುತಿಸುವವರು ಇವರೇ.

ಕಳೆದ ವರ್ಷ ಸಮೀಕ್ಷೆಯೊಂದಕ್ಕಾಗಿ ಕಾರ್ಯಕರ್ತೆಯೊಬ್ಬರನ್ನು ಬೆಳಗಿನ ವೇಳೆಯಲ್ಲೇ ನಾನು ಕರೆಸಿಕೊಂಡಿದ್ದೆ. ಆ ದಿನ ಕೇಂದ್ರಕ್ಕೆ ಹೋದಾಗ ಸಹಾಯಕಿ ಅಡುಗೆಯಲ್ಲಿದ್ದರು. ಮಕ್ಕಳು ಸುಮ್ಮನೆ ಗೋಡೆಗೊರಗಿ ಕುಳಿತಿದ್ದರು. ತಪ್ಪು ನನ್ನದೇ. ಇನ್ನು ಮುಂದೆ ಕಲಿಕೆಯ ವೇಳೆಯಲ್ಲಿ ಇವರಿಗೆ ಅನ್ಯ ಕಾರ್ಯ ವಹಿಸದಂತೆ ನಿರ್ಣಯ ಕೈಗೊಳ್ಳಬೇಕೆಂದು ಸಭೆಯಲ್ಲಿ ವಿನಂತಿಸುತ್ತೇನೆ.